ಕೊಲೆಗಾರ ಯಾರೆಂದು ಹೇಳಕೂಡದು

ನವೆಂಬರ್ ೩

ಪ್ರೀತಿಯ ಚಿಕ್ಕಮ್ಮ,

ಈ ಡಬ್ಬಿಯಲ್ಲಿ ನಾಲ್ಕು ವಿಡಿಯೊ ಕ್ಯಾಸೆಟ್ಟುಗಳಿವೆ. ಧಾರಾವಾಹಿಯ ಹೆಸರು ‘ಕರಿಕೊಡೆ ಇನ್ಸ್‌ಪೆಕ್ಟರ್’. ಕುದುರೆಗಾಡಿ, ಗ್ಯಾಸ್ ದೀಪ, ಮಂಜು, ಉದ್ದ ಕೋಟು, ಮೊದಲ ಕಂತು ಅರ್ಧ ಮುಗಿಯುವುದರೊಳಗೆ ಒಂದು ಹೆಣ. ನಿಮಗೆ ಬೇಕಾದ್ದೆಲ್ಲ ಇದೆ. ವೈರ್‌ಲೆಸ್ಸು ಹಿಡಿದು ಜೀಪಿನಲ್ಲಿ ಓಡಾಡುವ ಈಗಿನ ಪೊಲೀಸರ ಕಥೆ ನಿಮಗೆ ಹಿಡಿಸುವುದಿಲ್ಲವೆಂದು ಗೊತ್ತಿದೆ. ನನಗೂ ಅಷ್ಟೆ. ಕೊಲೆಯಾದರೆ ಹಳೆಯ ಕಾಲದಲ್ಲೇ ಆಗಬೇಕು.

ಪರದೆಯ ಕೆಳಗೆ ಓಡುವ ಸಾಲುಗಳನ್ನು ಬರೆದದ್ದು ನಾನೇ. ಮೊದಲೆಲ್ಲ ಮಾತುಗಳನ್ನು ಮಾತ್ರ ಬರೆಯುತ್ತಿದ್ದೆ. ಆ ಹಾಳು ಜ್ವರ ನಿಮ್ಮ ಕಿವಿ ತೆಗೆದುಕೊಂಡು ಹೋದ ಮೇಲೆ ಸದ್ದುಗಳನ್ನೂ ಬರೆಯಲು ಶುರುಮಾಡಿದ್ದೇನೆ: ಮೆಟ್ಟಿಲ ಮೇಲೆ ಹೆಜ್ಜೆ, ದೂರದಲ್ಲಿ ನಾಯಿ, ಬಾಗಿಲ ಕಿರ್ರ್. ನಮ್ಮ ಸಾಹೇಬರು, “ಸದ್ದನ್ನೆಲ್ಲ ಬರೆದ್ರೆ ಚಿತ್ರ ಎಲ್ಲಮ್ಮ ಕಾಣತ್ತೆ?” ಎಂದು ಗೊಣಗುತ್ತಾರೆ. ನಮ್ಮ ಚಿಕ್ಕಮ್ಮ ಜೀವಮಾನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಗುಟ್ಟೆಲ್ಲ ಕೇಳಿಸಿಕೊಂಡವರು, ಅವರಿಗೆ ಒಂದು ಹೆಜ್ಜೆ ಸದ್ದೂ ತಪ್ಪಬಾರದು ಎಂದೆ.

ನಿಯಮ ಹಳೆಯದೇ. ಅರ್ಧ ನೋಡಿದ ಮೇಲೆ ನಿಮ್ಮ ಅನುಮಾನ ಬರೆಯಿರಿ. ನಾನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಕೊಲೆಗಾರ ಯಾರೆಂದು ಯಾರೂ ಯಾರಿಗೂ ಹೇಳಕೂಡದು.

ಚಿಕ್ಕಪ್ಪನ ತಂಗಿ ಹೊಲಿಗೆ ಅಂಗಡಿ ಮುಚ್ಚಿ ನಿಮ್ಮಲ್ಲಿಗೇ ಬಂದರಂತೆ. ಚಿಕ್ಕಪ್ಪ ಹೋದ ಮೇಲೆ ಒಬ್ಬರೇ ಇದ್ದಿರಿ, ಚಳಿಗಾಲಕ್ಕೆ ಜೊತೆಯಾಯಿತು ಬಿಡಿ.

ನಿಮ್ಮ ಮಗಳು


ನವೆಂಬರ್ ೧೧

ಮಗಳೇ,

ಜೊತೆಯಂತೆ ಜೊತೆ! ನಿನ್ನ ಬಾಯಿಗೆ ಸಕ್ಕರೆ ಹಾಕುವುದಿಲ್ಲ, ಉಪ್ಪು ಹಾಕುತ್ತೇನೆ.

ನಾನು ಮದುವೆಯಾಗಿ ಬಂದ ದಿನವೇ ಆ ನಾದಿನಿಗೆ ಇಟ್ಟ ಹೆಸರು ಕತ್ತರಿ. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ಈಗ ನನಗೆ ಕೇಳಿಸದಿರುವುದೊಂದು ಪುಣ್ಯ. ಏನಾದರೂ ಹೇಳಬೇಕೆಂದರೆ ಅಡುಗೆಮನೆಯಲ್ಲಿ ತೂಗುಹಾಕಿರುವ ಸ್ಲೇಟಿನ ಮೇಲೆ ಬರೆದು ತಂದು ಹಿಡಿಯಬೇಕು. ಉಳಿದವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತೇನೆ. ಇವಳದು ಅದೂ ಇಲ್ಲ. ಚಳಿಯೆಂದು ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡೇ ಮನೆಯೊಳಗೆ ಓಡಾಡುತ್ತಾಳೆ.

ಮೊನ್ನೆ ಏನು ಮಾಡಿದಳು ಗೊತ್ತೆ? ಕರಿಕೊಡೆಯ ಐದನೇ ಕಂತು. ಇನ್ಸ್‌ಪೆಕ್ಟರು ಬಂದರಿನ ಮೆಟ್ಟಿಲಿಳಿಯುತ್ತಿದ್ದಾರೆ, ಕೆಳಗೆ ನಿನ್ನ ಸಾಲು: ನೀರಿನ ಸದ್ದು, ಯಾರದೋ ಉಸಿರು. ನನ್ನ ಜೀವ ಕೈಯಲ್ಲಿದೆ. ಆಗ ಇವಳು ಟಿವಿಯ ಮುಂದೆ ನಿಂತು ಸ್ಲೇಟು ಹಿಡಿದಳು. “ಕೊಂದವಳು ಅಡುಗೆಯವಳು. ತೋಳಿನ ಗುಂಡಿ ಬೇರೆ ಹಾಕಿದಾಳೆ ನೋಡು.” ಕೊನೆಯ ಕಂತಿನಲ್ಲಿ ನೋಡಿದರೆ ಹಾಗೇ ಆಯಿತು! ಗುಂಡಿ ನೋಡಿ ಕೊಲೆ ಕಂಡುಹಿಡಿಯುವವಳ ಜೊತೆ ಬಾಳುವುದು ಹೇಗೆ?

ಅಂದಿನಿಂದ ಅವಳು ಸ್ಲೇಟು ತಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಣ್ಣು ಮುಚ್ಚಿಕೊಂಡೇ ಬಟ್ಟೆ ತೆಗೆದುಕೊಂಡು ಒರೆಸಿಬಿಡುತ್ತೇನೆ. ಅವಳು ಕಾಲು ಅಪ್ಪಳಿಸಿದರೆ ನೆಲ ಅದುರುವುದು ತಿಳಿಯುತ್ತದೆ. ಅಪ್ಪಳಿಸಲಿ.

ಮುಂದಿನ ಕ್ಯಾಸೆಟ್ಟು ಕಳಿಸು. ಗುಂಡಿಯಿಲ್ಲದ ಕೊಲೆ ಇದ್ದರೆ ಒಳ್ಳೆಯದು.

ನಿನ್ನ ಚಿಕ್ಕಮ್ಮ


ನವೆಂಬರ್ ೧೭

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಪತ್ರ ಓದಿ ಆಫೀಸಿನಲ್ಲಿ ಬಿದ್ದು ಬಿದ್ದು ನಕ್ಕೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

ಈ ಬಾರಿ ನಗುವ ಮಾತಲ್ಲ. ‘ಯಜಮಾನಿಯ ಜೊತೆಗಾತಿ’ ಕಳಿಸುತ್ತಿದ್ದೇನೆ. ನಾನು ಕೆಲಸ ಮಾಡಿದ ಹಳೆಗಾಲದ ಅಪರಾಧ ಧಾರಾವಾಹಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. ರಕ್ತದ ಹನಿಯಿಲ್ಲ, ಓಟವಿಲ್ಲ. ದೊಡ್ಡ ಮನೆ, ವಯಸ್ಸಾದ ಯಜಮಾನಿ, ಅವಳ ಸೇವೆಗೆಂದು ಬಂದ ಒಬ್ಬ ಹೆಂಗಸು. ಯಜಮಾನಿ ದಿನದಿಂದ ದಿನಕ್ಕೆ ಸೊರಗುತ್ತಾಳೆ, ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಇಷ್ಟೇ ಹೇಳುತ್ತೇನೆ. ಕಿಟಕಿಗಳ ಮೇಲೆ ಕಣ್ಣಿಡಿ. ಟೀ ಬಟ್ಟಲಿನ ಮೇಲೂ.

ಹಗಲು ಹೊತ್ತಿನಲ್ಲಿ ನೋಡಿ. ನನಗೇ ಎರಡು ದಿನ ಟೀ ಇಳಿಯಲಿಲ್ಲ.

ನಿಮ್ಮ ಮಗಳು


ಡಿಸೆಂಬರ್ ೨

ಮಗಳೇ,

ಬರೆಯುವುದು ತಡವಾಯಿತು. ತಲೆನೋವು. ಬೆಳಿಗ್ಗೆ ಏಳುವಾಗಲೇ ಹಣೆಗೆ ಯಾರೋ ಪಟ್ಟಿ ಬಿಗಿದ ಹಾಗೆ. ಊಟದ ನಂತರ ಗ್ಯಾಸ್ ಹೀಟರ್ ಪಕ್ಕ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಜೊತೆಗಾತಿಯ ಮೂರನೇ ಕಂತನ್ನು ಎರಡು ಸಲ ಹಾಕಿದೆ, ಎರಡು ಸಲವೂ ನಡುವೆ ನಿದ್ದೆ ಹೋದೆ. ನಾನು, ಪತ್ತೇದಾರಿ ನೋಡುತ್ತಾ ನಿದ್ದೆ! ವಯಸ್ಸು ಎಂದುಕೊಂಡಿದ್ದೆ.

ಆದರೆ ಒಂದು ವಿಷಯ ಕೇಳು. ನಗಬೇಡ. ಅಂಚೆ ಕಚೇರಿಗೋ ತರಕಾರಿಗೋ ಹೊರಗೆ ಹೋದರೆ ತಲೆ ಹಗುರವಾಗುತ್ತದೆ. ಮನೆಗೆ ಬಂದು ಇವಳು ಮಾಡಿಕೊಟ್ಟ ಟೀ ಕುಡಿದು ಕೂತರೆ ಮತ್ತೆ ಅದೇ ಪಟ್ಟಿ. ಇನ್ನೊಂದು. ಈ ಕೊರೆಯುವ ಚಳಿಯಲ್ಲಿ ಇವಳು ಕಿಟಕಿ ತೆರೆದಿಡುತ್ತಾಳೆ. ನಾನು ಮುಚ್ಚುತ್ತೇನೆ, ಅವಳು ತೆರೆಯುತ್ತಾಳೆ. ಕೇಳಿದರೆ ಮಫ್ಲರಿನೊಳಗೆ ಏನೋ ಹೇಳಿ ತನ್ನ ಹಣೆ ಹಿಡಿದುಕೊಳ್ಳುತ್ತಾಳೆ, ತನಗೂ ತಲೆನೋವಿರುವ ಹಾಗೆ. ನಿನ್ನೆ ಕುರ್ಚಿ ಹತ್ತಿ ಹಜಾರದ ಗೋಡೆಯಲ್ಲಿರುವ ಬಿಳಿ ಪೆಟ್ಟಿಗೆಯನ್ನು ತಡಕಾಡುತ್ತಿದ್ದಳು. ಕಟ್ಟಡದ ಸಂಘದವರು ಹೋದ ವರ್ಷ ಹಾಕಿಸಿದ್ದು, ಏತಕ್ಕೆಂದು ನನಗೆ ನೆನಪಿಲ್ಲ. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ನನ್ನನ್ನು ನೋಡಿ ಕೆಳಗಿಳಿದು ಸ್ಲೇಟು ತಂದಳು. ನಾನು ಕಣ್ಣು ಮುಚ್ಚಿಕೊಂಡೆ. ಜೊತೆಗಾತಿಯ ಕೊನೆಯನ್ನೂ ಹೇಳಿಬಿಟ್ಟಾಳು ಎಂಬ ಭಯ.

ಎಲ್ಲ ನಿನ್ನ ಧಾರಾವಾಹಿಯ ಪ್ರಭಾವವಿರಬೇಕು. ಆದರೂ ಬರೆದೆ.

ನಿನ್ನ ಚಿಕ್ಕಮ್ಮ


ಡಿಸೆಂಬರ್ ೬

ಚಿಕ್ಕಮ್ಮ,

ಇದನ್ನು ಒಬ್ಬರೇ ಇರುವಾಗ ಓದಿ.

ನಾನು ನಗಲಿಲ್ಲ. ಪತ್ರವನ್ನು ಮೂರು ಸಲ ಓದಿದೆ. ಹೊರಗೆ ಹೋದರೆ ಸರಿ, ಮನೆಯಲ್ಲಿ ಟೀ ಕುಡಿದರೆ ತಲೆನೋವು. ಚಳಿಯಲ್ಲಿ ತೆರೆದ ಕಿಟಕಿ. ಕಿಟಕಿ ಏಕೆಂದು ಕೇಳಿದರೆ ತನಗೂ ಕಾಯಿಲೆಯೆಂದು ತೋರಿಸಿಕೊಳ್ಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಿಯಮ ಮುರಿಯಲಾರೆ, ಆದರೆ ಐದನೇ ಕಂತಿನವರೆಗೆ ನೋಡಿ, ಆಮೇಲೆ ನಿಮಗೇ ತಿಳಿಯುತ್ತದೆ. ಕಥೆಯೆಂದು ತಳ್ಳಿಹಾಕಬೇಡಿ. ಕಥೆ ಬರೆಯುವವರು ಎಲ್ಲಿಂದ ತರುತ್ತಾರೆ? ನಡೆದದ್ದರಿಂದಲೇ.

ಅಂಗಡಿ ಮುಚ್ಚಿ ಬಂದವರು, ಬೇರೆ ನೆಲೆಯಿಲ್ಲದವರು. ಚಿಕ್ಕಪ್ಪನ ಮನೆ ತನ್ನದೂ ಹೌದೆಂದು ಅವರಿಗೆ ಅನ್ನಿಸಿರಬಹುದು. ನಾನು ಯಾರ ಮೇಲೂ ಸುಮ್ಮನೆ ಹೇಳುವವಳಲ್ಲ. ಆದರೆ ಅವರು ಕೊಟ್ಟದ್ದನ್ನು ತಿನ್ನಬೇಡಿ, ಕುಡಿಯಬೇಡಿ. ಕಿಟಕಿಗಳನ್ನು ಭದ್ರವಾಗಿ ಮುಚ್ಚಿಸಿ. ಅವರ ಕಡೆಯಿಂದ ಅಪರಿಚಿತರು ಯಾರಾದರೂ ಬಂದರೆ ಒಳಗೆ ಬಿಡಲೇಬೇಡಿ.

ನನಗೆ ನಿಜಕ್ಕೂ ಹೆದರಿಕೆಯಾಗಿದೆ. ಕೂಡಲೇ ಬರೆಯಿರಿ.

ನಿಮ್ಮ ಮಗಳು


ಡಿಸೆಂಬರ್ ೧೫

ಮಗಳೇ,

ಕತ್ತರಿ ಹೋದಳು.

ನೀನು ಹೇಳಿದಂತೆಯೇ ಆಯಿತು. ಮೊನ್ನೆ ಚೀಲ ಹಿಡಿದ ಒಬ್ಬ ಗಂಡಸು ಬಂದು ಬಾಗಿಲಲ್ಲಿ ನಿಂತಿದ್ದ. ಹಿಂದೆ ಇವಳು. ಅವನು ಗೋಡೆಯ ಪೆಟ್ಟಿಗೆಯ ಕಡೆ, ಹೀಟರಿನ ಕಡೆ ಕೈ ತೋರಿಸಿದ. ಅಪರಿಚಿತ, ಚೀಲ, ಇವಳೇ ಕರೆಸಿದ್ದು! ಐದನೇ ಕಂತಿನಲ್ಲಿ ಜೊತೆಗಾತಿ ಕರೆಸುವ ಬೀಗದವನು ನೆನಪಾದ. ಮುಖದ ಮೇಲೆ ಬಾಗಿಲು ಹಾಕಿದೆ.

ಆಮೇಲೆ ಇವಳು ಕೈ ಬೀಸಿ ಬೀಸಿ ಕೂಗಾಡಿದಳು. ನಾನು ಒಳಗಿನಿಂದ ನಿನ್ನ ಪತ್ರ ತಂದು ಅವಳ ಕೈಗೆ ಕೊಟ್ಟೆ. ಕೊಡಬಾರದಿತ್ತೋ ಏನೋ. ನಿಂತಲ್ಲೇ ಓದಿದಳು. ಮಫ್ಲರ್ ಕೆಳಗಿಳಿಸಿದಳು. ಮೊದಲ ಬಾರಿಗೆ ಅವಳ ತುಟಿ ಓದಿದೆ. “ನಾನಾ?” ಅಂದಳು. ಅಷ್ಟೇ. ಹೊಲಿಗೆ ಯಂತ್ರ, ಒಂದು ಪೆಟ್ಟಿಗೆ ಎತ್ತಿಕೊಂಡು ಗುಂಡಿ ಅಂಗಡಿಯ ಗೆಳತಿಯ ಮನೆಗೆ ಹೋದಳು. ಯಂತ್ರ ಇಳಿಸಲು ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ಕೈ ಜೋಡಿಸಿದ.

ಈಗ ಮನೆ ಶಾಂತವಾಗಿದೆ. ಕಿಟಕಿ ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿದ್ದೇನೆ, ಒಂದೆಳೆ ಗಾಳಿಯೂ ಬರದು. ಹೀಟರ್ ಹಾಕಿಕೊಂಡು ಬೆಚ್ಚಗಿದ್ದೇನೆ. ತಲೆನೋವು ಇನ್ನೂ ಇದೆ. ಮೈಯಲ್ಲಿ ಸೇರಿದ್ದು ಇಳಿಯಲು ದಿನ ಹಿಡಿಯುತ್ತದಲ್ಲವೆ?

ನಿನಗೆ ಹೇಳಿರಲಿಲ್ಲ, ಹೋದ ತಿಂಗಳು ಸ್ನಾನದ ಮನೆಯಲ್ಲಿ ಬಿದ್ದಿದ್ದೆ. ಆಗ ಎತ್ತಿ ಕೂರಿಸಿದವಳು ಅವಳೇ.

ನಿನ್ನ ಚಿಕ್ಕಮ್ಮ


ಡಿಸೆಂಬರ್ ೧೯

ಪ್ರೀತಿಯ ಚಿಕ್ಕಮ್ಮ,

ಈಗ ನನ್ನ ಎದೆಯ ಭಾರ ಇಳಿಯಿತು. ಎಂಥ ಧೈರ್ಯ ನಿಮ್ಮದು! ಕರಿಕೊಡೆ ಇನ್ಸ್‌ಪೆಕ್ಟರು ನಿಮ್ಮ ಮುಂದೆ ಕೊಡೆ ಮಡಚಿಕೊಂಡು ನಿಲ್ಲಬೇಕು.

ತಲೆನೋವು ನಿಧಾನಕ್ಕೆ ಇಳಿಯುತ್ತದೆ. ಚೆನ್ನಾಗಿ ನಿದ್ದೆ ಮಾಡಿ, ಚಳಿಗೆ ಹೊರಗೆ ಹೋಗಬೇಡಿ.

ಬಿದ್ದದ್ದನ್ನು ಮುಚ್ಚಿಟ್ಟದ್ದಕ್ಕೆ ಕೋಪ ಬಂದಿದೆ. ಅವರೇ ಎತ್ತಿದರೆಂದು ಕರಗಬೇಡಿ. ಜೊತೆಗಾತಿಯೂ ಯಜಮಾನಿಯನ್ನು ಎಷ್ಟು ಸಲ ಎತ್ತಿ ಕೂರಿಸಲಿಲ್ಲ?

ಹೊಸದೊಂದು ಬಂದಿದೆ, ‘ಸುಣ್ಣದ ಗೂಡು’. ನನಗಿನ್ನೂ ಎರಡೇ ಕಂತು ಕೊಟ್ಟಿದ್ದಾರೆ, ಆದರೆ ಈಗಲೇ ಕಣ್ಣು ಮುಚ್ಚಿಕೊಂಡು ಶಿಫಾರಸು ಮಾಡುತ್ತೇನೆ, ಕಾಯುತ್ತಿರಿ. ಸುಣ್ಣ ಸುಡುವ ಭಟ್ಟಿ, ಅದರ ಪಕ್ಕದ ಛತ್ರ. ರಾತ್ರಿ ಬೆಚ್ಚಗೆ ಮಲಗಿದ ಪ್ರಯಾಣಿಕರು ಬೆಳಿಗ್ಗೆ ಏಳುವುದಿಲ್ಲ. ಗಾಯವಿಲ್ಲ, ವಿಷವಿಲ್ಲ, ಬಾಗಿಲು ಒಳಗಿನಿಂದ ಹಾಕಿದೆ. ನನ್ನ ಅನುಮಾನ ಛತ್ರದ ಒಡತಿಯ ಮೇಲೆ. ಮುಗಿದ ಕೂಡಲೇ ಕ್ಯಾಸೆಟ್ಟು ಕಳಿಸುತ್ತೇನೆ.

ನಿಮ್ಮ ಮಗಳು


ಡಿಸೆಂಬರ್ ೨೮

ಮಗಳೇ

ಕ್ಯಾಸೆಟ್ಟು ಬಂತು. ಅಲ್ಲ, ಬರಲಿಲ್ಲ, ಹಳೆಯದನ್ನೇ ನೋಡುತ್ತಿದ್ದೇನೆ. ಅಕ್ಷರ ಓಡುತ್ತದೆ, ಹಿಡಿಯಲು ಆಗುವುದಿಲ್ಲ. ಬೆಚ್ಚಗಿದೆ. ವಾಂತಿಯಾಯಿತು, ಏನೂ ತಿಂದಿರಲಿಲ್ಲ. ಕತ್ತರಿಯ ಟೀ ಕುಡಿಯಬೇಡ ಎಂದೆಯಲ್ಲ, ಕತ್ತರಿ ಹೋಗಿ ದಿನವಾಯಿತು. ಹಾಗಾದರೆ ಯಾರು?

ಕೆಂಪು ದೀಪ ಈಗ ಮಿಣುಕುವುದಿಲ್ಲ, ಉರಿದುಕೊಂಡೇ ಇದೆ. ಗಡಿಯಾರದವನು ಮೇಲೆ ಬಂದು ಕಿವಿ ಮುಟ್ಟಿ ಏನೋ ಕೇಳಿದ. ನಕ್ಕು ಕಳಿಸಿದೆ. ನನ್ನ ಕಿವಿಯ ಸುದ್ದಿ ಅವನಿಗೆ ಗೊತ್ತಿಲ್ಲವೆ?

ಕ್ಯಾಸೆಟ್ಟು ಬಂತು. ಬೆಚ್ಚಗಿದೆ. ನೀನು ಬರುತ್ತೀಯಾ


ಜನವರಿ ೨, ಬಸ್ಸಿನಲ್ಲಿ

ಚಿಕ್ಕಮ್ಮ,

ಇದು ಅಂಚೆಗೆ ಹಾಕಲಾರದ ಪತ್ರ. ಕೈಯಲ್ಲಿ ತಂದು ನಿಮಗೆ ಕೊಡುತ್ತೇನೆ. ಕೊಡುತ್ತೇನೆ ಎಂದು ಬರೆದಾಗಿದೆ, ಇನ್ನು ನೀವು ತೆಗೆದುಕೊಳ್ಳಲೇಬೇಕು. ಬರೆಯದೆ ಕೂತರೆ ಈ ಬಸ್ಸಿನಲ್ಲಿ ನಾನು ಕಿರುಚಿಬಿಡುತ್ತೇನೆ.

ಇವತ್ತು ಭಾನುವಾರ. ಕೆಲಸ ಉಳಿದಿತ್ತೆಂದು ಆಫೀಸಿಗೆ ಹೋಗಿದ್ದೆ. ಮೇಜಿನ ಮೇಲೆ ನಿಮ್ಮ ಪತ್ರವಿತ್ತು, ಯಂತ್ರದಲ್ಲಿ ಸುಣ್ಣದ ಗೂಡಿನ ಕೊನೆಯ ಕಂತು. ನಿಯಮ ಮುರಿಯುತ್ತಿದ್ದೇನೆ, ಕ್ಷಮಿಸಿ. ಸುಣ್ಣದ ಗೂಡಿನಲ್ಲಿ ಕೊಲೆಗಾರನೇ ಇಲ್ಲ. ಭಟ್ಟಿಯ ಗಾಳಿ ಗೋಡೆಯ ಬಿರುಕಿನಿಂದ ಛತ್ರದೊಳಗೆ ಬರುತ್ತಿತ್ತು, ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಮೊದಲು ತಲೆನೋವು, ಆಮೇಲೆ ಮಂಪರು, ವಾಂತಿ. ಹೊರಗೆ ಬಂದರೆ ಹಗುರ, ಒಳಗೆ ಹೋದರೆ ಭಾರ. ಕಿಟಕಿ ತೆರೆದಿಟ್ಟು ಮಲಗಿದವನೊಬ್ಬ ಉಳಿದುಕೊಂಡ.

ಆ ದೃಶ್ಯದಲ್ಲಿ ಪಂಜರದ ಹಕ್ಕಿ ಕೂಗುವುದು ನಿಲ್ಲುತ್ತದೆ. ನಾನು ‘ಹಕ್ಕಿಯ ಸದ್ದು ನಿಲ್ಲುತ್ತದೆ’ ಎಂದು ಬರೆಯಲು ಹೋದವಳು ಯಂತ್ರ ನಿಲ್ಲಿಸಿ ನಿಮ್ಮ ಪತ್ರ ಕೈಗೆತ್ತಿಕೊಂಡೆ. ನಿಮ್ಮ ಪತ್ರಗಳಲ್ಲಿ ಒಂದೂ ಸದ್ದಿಲ್ಲ, ಚಿಕ್ಕಮ್ಮ. ಇರುವುದು ಹೇಗೆ? ಕೆಂಪು ದೀಪವಿದೆ, ಕುರ್ಚಿ ಹತ್ತಿದವರಿದ್ದಾರೆ, ಕಿವಿ ಮುಟ್ಟಿ ಕೇಳಿದವನಿದ್ದಾನೆ. ಆ ಪೆಟ್ಟಿಗೆ ತಿಂಗಳಿನಿಂದ ಕೂಗುತ್ತಿದೆ. ಕೆಟ್ಟ ಗಾಳಿ ತುಂಬಿದರೆ ಕೂಗಲೆಂದೇ ಅದನ್ನು ಹಾಕುವುದು. ಎಲೆ ಅಲುಗಿದರೂ ಬರೆಯುವ ನಾನು ಆ ಒಂದು ಸದ್ದನ್ನು ಬರೆಯಲಿಲ್ಲ. ಬದಲಿಗೆ ಕಿಟಕಿ ಮುಚ್ಚಿ ಎಂದು ಬರೆದೆ. ಹೊರಗೆ ಹೋಗಬೇಡಿ ಎಂದು ಬರೆದೆ.

ಗಡಿಯಾರದ ಅಂಗಡಿಗೆ ಫೋನ್ ಮಾಡಿದೆ, ಭಾನುವಾರ, ಯಾರೂ ಎತ್ತಲಿಲ್ಲ. ಬೆಂಕಿ ಆರಿಸುವವರಿಗೆ ಮಾಡಿದೆ. “ಹೊಗೆ ಕಾಣ್ತಿದೆಯಾ?” ಅಂದರು. “ಕಾಣಲ್ಲ, ಅದೇ ತೊಂದರೆ” ಅಂದೆ. “ಕಾಣದೆ ಇರೋ ಹೊಗೆಗೆ ಗಾಡಿ ಹೇಗಮ್ಮ ಕಳಿಸೋದು? ಮೊದಲು ಯಾರನ್ನಾದ್ರೂ ಕಳಿಸಿ ನೋಡಿಸಿ” ಅಂದರು. ಯಾರನ್ನು ಕಳಿಸಲಿ? ನಿಮ್ಮ ಹಳೆಯ ಎಕ್ಸ್‌ಚೇಂಜಿಗೆ ಮಾಡಿ, ಅಲ್ಲಿರುವ ನಿಮ್ಮ ಗೆಳತಿಯ ಕೈಕಾಲು ಹಿಡಿದು ಗುಂಡಿ ಅಂಗಡಿಯವರ ಮನೆಗೆ ಲೈನು ಕೊಡಿಸಿಕೊಂಡೆ. ಕತ್ತರಿ ಅತ್ತೆ ಫೋನಿಗೆ ಬಂದರು. “ಅತ್ತೆ, ಹೀಟರ್ ಆರಿಸ್ಬೇಕು, ಕಿಟಕಿ ಒಡೀಬೇಕು, ಆ ಗಾಳಿ ಚಿಕ್ಕಮ್ಮನ್ನ ಕೊಲ್ತಾ ಇದೆ, ನಿಮ್ಮ ತಪ್ಪಲ್ಲ, ನಂದೇ ತಪ್ಪು” ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಫೋನ್ ಇಟ್ಟ ಸದ್ದು.

ಇಟ್ಟುಬಿಟ್ಟರು, ಚಿಕ್ಕಮ್ಮ. ವಿಷ ಹಾಕುವವಳು ಎಂದು ಬರೆದವಳ ಮಾತು ಅವರೇಕೆ ಕೇಳಬೇಕು? ಮತ್ತೆ ಮಾಡಿದೆ, ಲೈನು ಸಿಗಲಿಲ್ಲ. ಸಿಕ್ಕ ಬಸ್ಸು ಹತ್ತಿದೆ.

ಇನ್ನೂ ಅರ್ಧ ದಾರಿ ಇದೆ. ಚಾಲಕ ಟೀಗೆಂದು ಬಸ್ ನಿಲ್ಲಿಸಿದ್ದಾನೆ. ನನ್ನ ಪಕ್ಕದವರು, “ಯಾಕಮ್ಮ ಅಳ್ತೀಯಾ?” ಎನ್ನುತ್ತಿದ್ದಾರೆ. ಚಿಕ್ಕಮ್ಮ, ಎದ್ದು ಬಾಗಿಲು ತೆಗೆಯಿರಿ. ಕೇಳಿಸದಿದ್ದರೂ ತೆಗೆಯಿರಿ.


ಜನವರಿ ೨೦

ಮಗಳೇ,

ಆಸ್ಪತ್ರೆಯಿಂದ ಮನೆಗೆ ಬಂದಿದ್ದೇವೆ. ನಿನ್ನ ಬಸ್ಸಿನ ಪತ್ರ ದಿಂಬಿನಡಿ ಇತ್ತು, ಇವತ್ತು ಓದಿದೆ. ನೀನು ಬಂದು ಹಾಸಿಗೆ ಪಕ್ಕ ಕೂತಿದ್ದಾಗ ನನಗೆ ನೀನು ಯಾರೆಂದೇ ಸರಿಯಾಗಿ ತಿಳಿದಿರಲಿಲ್ಲವಂತೆ. ಎಕ್ಸ್‌ಚೇಂಜಿನ ಹುಡುಗಿ ಅಂದುಕೊಂಡು, “ಲೈನು ಕೊಡು” ಎಂದು ಗದರಿದೆನಂತೆ.

ಕೊಲೆಗಾರ ಸಿಕ್ಕಿದ್ದಾನೆ. ಹೀಟರಿನ ಹೊಗೆಕೊಳವೆಯೊಳಗೆ ಯಾವುದೋ ಹಕ್ಕಿ ಕಟ್ಟಿ ಬಿಟ್ಟುಹೋದ ಗೂಡು. ಸಂಚಿಲ್ಲ, ಆಸ್ತಿಯ ಆಸೆಯಿಲ್ಲ. ಅದನ್ನು ಎಳೆದು ತೆಗೆದವನು, ನಾನು ಮುಖದ ಮೇಲೆ ಬಾಗಿಲು ಹಾಕಿದೆನಲ್ಲ, ಅದೇ ಚೀಲದವನು, ಗ್ಯಾಸ್ ಕಚೇರಿಯವನು. ಪೆಟ್ಟಿಗೆ ಸುಮ್ಮನೆ ಕೂಗುತ್ತಿದೆ, ಏನೋ ಕೆಟ್ಟಿದೆ ಎಂದು ಕತ್ತರಿ ಕರೆಸಿದ್ದಳು. ಏಕೆ ಕೂಗುತ್ತಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಗಡಿಯಾರದವನ ಕಥೆ ಕೇಳು. ತನ್ನ ಅಂಗಡಿಯ ಅಲಾರಮ್ಮುಗಳಲ್ಲೇ ಯಾವುದೋ ಕೂಗುತ್ತಿದೆಯೆಂದು ತಿಂಗಳಿಡೀ ಒಂದೊಂದನ್ನೇ ಬಿಚ್ಚಿ ಬಿಚ್ಚಿ ನೋಡಿದನಂತೆ! ಡಾಕ್ಟರು ಕಾಗದದ ಮೇಲೆ, “ಇನ್ನೊಂದು ಮಧ್ಯಾಹ್ನ ಹೀಗೇ ಮಲಗಿದ್ದರೆ” ಎಂದು ಬರೆದು ಅಲ್ಲಿಗೇ ನಿಲ್ಲಿಸಿದರು, ನಮ್ಮ ಧಾರಾವಾಹಿಗಳ ಕಂತು ಮುಗಿಯುವ ಹಾಗೆ.

ಬಾಗಿಲು ಒಳಗಿನಿಂದ ಹಾಕಿತ್ತು. ಕತ್ತರಿ ಮೆಟ್ಟಿಲ ಪಕ್ಕದ ಕಿಟಕಿಯನ್ನು ಕೈಯಿಂದಲೇ ಒಡೆದಳು. ಕೈಗೆ ಮಫ್ಲರ್ ಸುತ್ತಿಕೊಂಡಿದ್ದರೂ ಗಾಜು ಅಂಗೈಗೆ ಇಳಿಯಿತು. ಬಲಗೈಗೆ ಹೊಲಿಗೆ ಬಿದ್ದಿದೆ. ಬೇಸಗೆಯವರೆಗೆ ಸೂಜಿ ಹಿಡಿಯುವ ಹಾಗಿಲ್ಲ, ಆಮೇಲೂ ಹಿಡಿದಾಳೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಬಾಯಿಬಿಟ್ಟು ಹೇಳಿದೆ, ತಪ್ಪಾಯಿತು ಎಂದೆ. ಅವಳು ಮುಖ ತಿರುಗಿಸಿಕೊಂಡು ಟೀ ಇಟ್ಟಳು. ನಾನು ಪೂರ್ತಿ ಕುಡಿದೆ, ಬಟ್ಟಲು ಬೋರಲು ಹಾಕಿ ತೋರಿಸಿದೆ.

ನಿನಗೆ ಅವಳು ಏನೋ ಬರೆಯಬೇಕಂತೆ. ಎಡಗೈ, ಓದಿಕೋ.

*ಆಸ್ಪತ್ರೇಲಿ ನಿನ್ನ ಹತ್ರ ಮಾತಾಡಲಿಲ್ಲ ನಿಜ. ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ಆದ್ರೆ ಫೋನ್ ಇಟ್ಟೆ ಅಂತ ಬಸ್ಸಿನಲ್ಲಿ ಕೂತು ಅತ್ತಿದ್ದೀಯಂತಲ್ಲ, ಪೆದ್ದಿ. ಫೋನ್ ಇಡದೆ ಓಡೋದು ಹೇಗೆ?*

ನೋಡಿದೆಯಾ, ಎಡಗೈಯಲ್ಲೂ ಕತ್ತರಿಯೇ.

ನೀನು ಕಳಿಸಿದ ‘ಮೂರನೇ ದರ್ಜೆ ಡಬ್ಬಿ’ ನಿನ್ನೆ ಹಾಕಿದೆವು. ಇಬ್ಬರೂ ಒಂದೇ ಶಾಲು ಹೊದ್ದು ಕೂತಿದ್ದೆವು, ಕಿಟಕಿ ತೆರೆದಿತ್ತು. ಇನ್ನು ಧಾರಾವಾಹಿ ಶಿಫಾರಸು ಮಾಡಲು ನಾನ್ಯಾರು ಎಂದು ಅದರ ಜೊತೆಗಿನ ಚೀಟಿಯಲ್ಲಿ ನೀನು ಬರೆದಿದ್ದೀಯ. ಹುಚ್ಚಿ, ನಿಲ್ಲಿಸಬೇಡ. ಆದರೆ ಇಬ್ಬರಿಗೂ ಸೇರಿಸಿ ಕಳಿಸು, ಉಡುಪು ಚೆನ್ನಾಗಿರುವಂಥದ್ದು.

ಎರಡನೇ ಕಂತು. ಉಗಿಬಂಡಿ ಸುರಂಗದೊಳಗೆ ಹೋಗುತ್ತಿದೆ, ಕೆಳಗೆ ನಿನ್ನ ಸಾಲು: ಚಕ್ರಗಳ ಸದ್ದು, ಒಂದು ಚೀತ್ಕಾರ. ಆಗ ಕತ್ತರಿ ಎದ್ದು ಹೋಗಿ ಸ್ಲೇಟು ತಂದಳು. ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಬಹಳ ಹೊತ್ತು ಬರೆದು, ನನ್ನ ಮುಖದ ಮುಂದೆ ಹಿಡಿದಳು. ಕೊಲೆಗಾರ ಯಾರು ಎಂಬುದೇ. ಯಾವ ಗುಂಡಿಯಿಂದ ತಿಳಿಯಿತು ಎಂಬುದೂ.

ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ, ಮಗಳೇ. ಕೊನೆಯ ಅಕ್ಷರದವರೆಗೂ ಓದಿದೆ.

ನಿನ್ನ ಚಿಕ್ಕಮ್ಮ